ನೋಡುವವರ ತಪ್ಪು

ಹದಿನಾರನೆಯ ಸಲ ಮಿಣುಕು ನಿಂತಾಗ ಶಿವಲೀಲಾ ಒತ್ತುಗುಂಡಿಯನ್ನು ಅದುಮಿ, ತಿರುಪನ್ನು ಮತ್ತೆ ಮೊದಲಿನ ಜಾಗಕ್ಕೆ ತಂದಳು. ಇನ್ನು ನಾಲ್ಕು ಸಲ. ಹುಬ್ಬಿಗೆ ಒತ್ತಿಕೊಂಡಿದ್ದ ರಬ್ಬರಿನ ಅಂಚು ಬೆವರಿಗೆ ಅಂಟುತ್ತಿತ್ತು. ತುರಿಸಿಕೊಳ್ಳಬೇಕೆನಿಸಿದರೂ ಅವಳು ಕೈ ಎತ್ತಲಿಲ್ಲ. ಇಪ್ಪತ್ತು ಮುಗಿಯುವ ತನಕ ಮುಖ ತೆಗೆಯಬಾರದು. ಅದು ಈ ಕೋಣೆಯ ಕಟ್ಟಳೆ, ಅದನ್ನು ಮಾಡಿದವಳೂ ಅವಳೇ.

ಕೊಳವೆಯೊಳಗೆ ಎರಡು ಬೆಳಕುಗಳು ಒಂದರ ಬೆನ್ನಿಗೆ ಒಂದು ಬಂದು ಹೋಗುತ್ತಿದ್ದವು. ಒಂದು ಹಸಿರು. ಸೆಕೆಂಡಿಗೆ ಐನೂರ ನಲವತ್ತು ಲಕ್ಷ ಕೋಟಿ ಸಲ ಕಂಪಿಸುವ, ಬೇರೆ ಯಾವ ಬಣ್ಣವೂ ಬೆರೆಯದ ಹಸಿರು. ಇನ್ನೊಂದು ಊರಿನ ಮಾಮೂಲು ದೀಪದ ನೀಲಿ ಮಿಶ್ರಿತ ಬಿಳುಪು. ಎರಡರ ಪ್ರಖರತೆ ಬೇರೆಯಾಗಿದ್ದರೆ ಕಣ್ಣಿಗೆ ಮಿಣಮಿಣ ಎನ್ನುತ್ತದೆ. ತಿರುಪನ್ನು ತಿರುಗಿಸುತ್ತ ಹೋದರೆ ಒಂದು ಕಡೆ, ಕೂದಲೆಳೆಯಷ್ಟು ಜಾಗದಲ್ಲಿ, ಮಿಣುಕು ನಿಂತುಬಿಡುತ್ತದೆ. ಅಲ್ಲಿಗೆ ಎರಡೂ ಸಮ. ಸಮ ಎಂದು ಹೇಳುವುದು ಯಂತ್ರವಲ್ಲ, ಕಣ್ಣು.

ಇಪ್ಪತ್ತಾಯಿತು. ದೀಪ ಹಾಕಿ, ರಿಜಿಸ್ಟರಿನಲ್ಲಿ ಬರೆದುಕೊಂಡಳು. ಮೊದಲ ಅಂಕಣದಲ್ಲಿ ತಾರೀಖು, ಎರಡನೆಯದರಲ್ಲಿ ಅವಳ ಕಣ್ಣು ಹೇಳಿದ ಅಂಕಿ, ಮೂರನೆಯದರಲ್ಲಿ ಮೀಟರು ಹೇಳಿದ ಅಂಕಿ. ಎರಡಕ್ಕೂ ಇರುವ ವ್ಯತ್ಯಾಸ ನಾಲ್ಕನೆಯ ಅಂಕಣಕ್ಕೆ. ಆ ಅಂಕಣದ ತಲೆಬರಹ: ನೋಡುವವರ ತಪ್ಪು. ಇಂದು ನೂರಕ್ಕೆ ಒಂದು ಪಾಯಿಂಟ್ ಎರಡು. ವರ್ಷದ ಕೊನೆಯ ತಿಂಗಳಲ್ಲಿ ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ಸಹಿ ಹಾಕಿ ಮುಚ್ಚಿದಳು.

ತಿಂಗಳೂರು ಚಂದ್ರನ ನೆಲದಡಿಯಲ್ಲಿ, ಎಂದೋ ಲಾವಾ ಹರಿದು ಹೋದ ದೊಡ್ಡ ಸುರಂಗದೊಳಗೆ ಕಟ್ಟಿದ ಊರು. ನಾಲ್ಕು ಸಾವಿರ ಜನ. ಬಹಳ ಕಾಲ ಅದನ್ನು ಭೂಮಿಯವರು ಊರು ಎಂದು ಕರೆಯಲಿಲ್ಲ, ಶಿಬಿರ ಎನ್ನುತ್ತಿದ್ದರು. ಒಂದು ಥರ್ಮಾಮೀಟರ್ ಸರಿಯಿದೆಯೇ ಎಂದು ನೋಡಲೂ ಅದನ್ನು ಭೂಮಿಗೆ ಕಳಿಸಿ, ಹಡಗಿಗೆ ಕಾದು, ವಾಪಸು ತರಿಸಿಕೊಳ್ಳಬೇಕಿತ್ತು. ಕೊನೆಗೆ ಒಂದು ಒಪ್ಪಂದವಾಯಿತು: ಏಳು ಮೂಲಮಾನಗಳನ್ನೂ ಯಾರಿಂದಲೂ ಕಡ ತರದೆ ತನ್ನಲ್ಲೇ ಹುಟ್ಟಿಸಿಕೊಳ್ಳಬಲ್ಲ ನೆಲೆ ಯಾವುದೋ ಅದು ಊರು. ಹಾಗೆ ಒಂದು ಉದ್ದನೆಯ ಓಣಿ, ಓಣಿಯ ಎರಡೂ ಬದಿಗೆ ಏಳು ಕೋಣೆಗಳು ಬಂದವು. ಸೆಕೆಂಡು, ಮೀಟರು, ಕಿಲೋಗ್ರಾಂ, ಆಂಪಿಯರ್, ಕೆಲ್ವಿನ್, ಮೋಲ್, ಕ್ಯಾಂಡೆಲಾ. ಏಳನೆಯ ಕೋಣೆಯ ಬಾಗಿಲಿಗೆ ಮೊದಲ ಸಲ ಬೀಗದ ಕೈ ಹಾಕಿದವಳು ಶಿವಲೀಲಾ. ಆಗ ಅವಳಿಗೆ ಮೂವತ್ತೆರಡು. ಈಗ ಐವತ್ತೊಂದು.

ಮಿಕ್ಕ ಆರು ಕೋಣೆಗಳವರು ಏಳನೆಯದನ್ನು ಮಲಮಗಳ ಹಾಗೆ ಕಾಣುತ್ತಿದ್ದರು. ಸೆಕೆಂಡಿಗೆ ಸೀಸಿಯಂ ಪರಮಾಣು ಉಂಟು, ಮೀಟರಿಗೆ ಬೆಳಕಿನ ವೇಗ ಉಂಟು. ಕಿಲೋಗ್ರಾಮಿನವರಂತೂ ಪ್ಲಾಂಕನ ಸ್ಥಿರಾಂಕವನ್ನು ಮನೆದೇವರಂತೆ ನೆನೆಯುವವರು. ಮನುಷ್ಯರೇ ಇಲ್ಲದಿದ್ದರೂ ಅವೆಲ್ಲ ಇರುತ್ತವೆ. ಬೆಳಕಿನ ಮಾನ ಹಾಗಲ್ಲ. ಅದರ ಒಳಗೆ ಮನುಷ್ಯನ ಕಣ್ಣಿದೆ. ಕಣ್ಣಿಗೆ ಯಾವ ಬಣ್ಣ ಎಷ್ಟು ಪ್ರಖರವಾಗಿ ಕಾಣುತ್ತದೆಂಬ ಲೆಕ್ಕವಿಲ್ಲದೆ ಕ್ಯಾಂಡೆಲಾ ಇಲ್ಲ. "ನಿಮ್ಮದೇನ್ರಿ ಮೇಡಂ, ಕಣ್ಣು ಮುಚ್ಚಿದ್ರ ಅಳತಿನೂ ಇಲ್ಲ," ಎಂದು ಗಡಿಯಾರದವರು ನಗುತ್ತಿದ್ದರು. ಶಿವಲೀಲಾ ತಾನೂ ನಗುತ್ತಿದ್ದಳು. ಆದರೆ ಪ್ರತಿದಿನ ಎಲ್ಲರಿಗಿಂತ ಮೊದಲು ಬಂದು ಕತ್ತಲಲ್ಲಿ ಕೂತು ಕಣ್ಣು ಹದ ಮಾಡಿಕೊಳ್ಳುವಾಗ, ಈ ಊರಿನ ದೀಪಗಳೆಲ್ಲ ನನ್ನ ಕೈ ದಾಟಿ ಬಂದವು ಎಂಬ ಹೆಮ್ಮೆ ಅವಳಿಗೆ ಒಳಗೊಳಗೇ ಇತ್ತು.

ಆ ದಿನ ಮನೆಗೆ ಬಂದು ರೊಟ್ಟಿಗೆ ಕೂತಿದ್ದಳು. ಇಲ್ಲಿ ರೊಟ್ಟಿ ಬಡಿಯುವುದೂ ಒಂದು ವಿದ್ಯೆಯೇ. ಹಿಟ್ಟು ಬೇಗ ಕೆಳಗಿಳಿಯುವುದಿಲ್ಲ, ಹೊಗೆಯಂತೆ ಗಾಳಿಯಲ್ಲೇ ನಿಲ್ಲುತ್ತದೆ. ಪಾರದರ್ಶಕ ಗೂಡಿನೊಳಗೆ ಕೈ ತೂರಿಸಿ ಬಡಿಯಬೇಕು. ಗಂಡ ಮಹಾಂತೇಶ ತೋಟದ ಸುರಂಗದಲ್ಲಿ ತಾನೇ ಬೆಳೆದ ಜೋಳವೆಂದು ದಿನಕ್ಕೊಮ್ಮೆಯಾದರೂ ಹೇಳದೆ ಉಣ್ಣುತ್ತಿರಲಿಲ್ಲ.

ನಾದಿನಿ ಕಸ್ತೂರಿ ಬಾಗಿಲು ತಟ್ಟದೆ ಒಳಗೆ ಬಂದಳು. ಬಂದವಳು ಕೂರಲಿಲ್ಲ.

"ಏನಾತ?" ಎಂದ ಮಹಾಂತೇಶ. "ಮಾರಿ ಯಾಕ ಹಿಂಗ ಮಾಡ್ಕೊಂಡಿ? ಹೊಲಿಗಿ ಸಾಲ್ಯಾಗ ಮತ್ಯಾರ ಕೂಡ ಜಗಳಾಡಿದಿ?"

"ಜಗಳಾ ಆಡಿದ್ರ ಗೆದ್ದು ಬರ್ತಿದ್ದೆ, ಅಣ್ಣಾ. ನನ್ನ ಕಣ್ಣು ಹೋಗ್ಯಾವಂತ."

ಕಸ್ತೂರಿ ಹೊಲಿಗೆ ಸಾಲೆಯ ಹಿರಿಯಳು. ಹೊರಗೆ, ಗಾಳಿಯಿಲ್ಲದ ಕಡೆ ಹೋಗುವವರು ತೊಡುವ ಕವಚಗಳ ಹೊಲಿಗೆ ಅಲ್ಲಿ ಆಗುತ್ತದೆ. ಯಂತ್ರ ಹೊಲಿದ ಮೇಲೂ ಕೀಲುಗಳ ಜಾಗದಲ್ಲಿ ಕೈಹೊಲಿಗೆಯೇ ಬೇಕು. ಅದಕ್ಕೆಂದೇ ಧಾರವಾಡದ ಕಡೆಯಿಂದ ಕಸೂತಿ ಬಲ್ಲ ಹೆಣ್ಣುಮಕ್ಕಳನ್ನು ಆರಿಸಿ ತಂದಿದ್ದರು. ಎಳೆ ಎಣಿಸಿ, ಗಂಟು ಹಾಕದೆ, ಒಳಗೂ ಹೊರಗೂ ಒಂದೇ ಥರ ಕಾಣುವ ಗವಂತಿ ಹೊಲಿಗೆ. ಹದಿನೆಂಟು ವರ್ಷದಲ್ಲಿ ಕಸ್ತೂರಿಯ ಕೈಹೊಲಿಗೆ ಎಲ್ಲೂ ಬಿಟ್ಟುಕೊಂಡದ್ದಿಲ್ಲ. ಈ ತಿಂಗಳು ಎರಡು ಕವಚಗಳಲ್ಲಿ ಒಂದೊಂದು ಎಳೆ ತಪ್ಪಿತ್ತು. ಭೂಮಿಯಿಂದ ಎರಡೆರಡು ವರ್ಷಕ್ಕೆ ಬದಲಾಗಿ ಬರುವ ತಪಾಸಣೆಯವರು ಎಲ್ಲರ ಕಣ್ಣು ನೋಡಿಸಿ, ಹನ್ನೊಂದು ಜನರನ್ನು ಕೆಲಸಕ್ಕೆ ತಕ್ಕವರಲ್ಲ ಎಂದು ಬರೆದಿದ್ದರು. ಕೆಲಸವಿಲ್ಲದವರಿಗೆ ತಿಂಗಳೂರಿನಲ್ಲಿ ಜಾಗವಿಲ್ಲ. ಬರುವ ಹಡಗಿಗೆ ಹನ್ನೊಂದೂ ಜನ ಭೂಮಿಗೆ ಹೊರಡಬೇಕು.

"ಹದಿನೆಂಟು ವರ್ಷ ಹಗುರಾಗಿ ನಡದ ಎಲುಬು ಇವು," ಎಂದಳು ಕಸ್ತೂರಿ. "ಅಲ್ಲಿ ಹೋಗಿ ಗಾಲಿ ಕುರ್ಚಿ ಮ್ಯಾಲ ಕುಂಡ್ರಬೇಕು. ಅದೂ ಇರಲಿ. ನನ್ನ ಸೂಜಿ ತಪ್ಪೈತಿ ಅನ್ನಿಸ್ಕೊಂಡು ಹೋಗಬೇಕಲ್ಲ, ವೈನಿ. ಬೆಳಕು ಕಡಿಮಿ ಐತ್ರಿ ಅಂದೆ. ಒಂದು ಕಾಗದಾ ತಂದು ತೋರ್ಸಿದ್ರು. ಬೆಳಕು ಬರೋಬ್ಬರಿ ಐತಿ ಅಂತ. ಕೆಳಗ ನಿನ್ನ ಸಹಿ."

ರೊಟ್ಟಿ ಬಡಿಯುವ ಕೈ ನಿಂತಿತು.

"ಮೀಟರ್ ಸುಳ್ಳು ಹೇಳಂಗಿಲ್ಲ, ಕಸ್ತೂರಿ."

"ಹಂಗಾರ ನಾ ಸುಳ್ಳು ಹೇಳ್ತೀನೇನ?"

"ಹಂಗಲ್ಲವಾ. ವಯಸ್ಸು ಆತು ನಮಗೂ."

"ನಲವತ್ತೇಳಕ್ಕ? ನಮ್ಮವ್ವ ಅರವತ್ತರ ಮ್ಯಾಲ ದೀಪದ ಬುಡಕ ಕುಂತು ಇಳಕಲ್ ಸೀರಿ ಮ್ಯಾಲ ಗೋಪುರ ತಗದಾಳ." ಕಸ್ತೂರಿ ಹತ್ತಿರ ಬಂದು ಅತ್ತಿಗೆಯ ಮುಖ ನೋಡಿದಳು. "ಮೀಟರಿನ ಮಾತು ಬಿಡು. ನಿನಗ ಹೆಂಗ ಕಾಣ್ತೈತಿ, ವೈನಿ? ನಿನ್ನ ಕಣ್ಣಿಗೆ?"

ದಿನವೂ ಇಪ್ಪತ್ತು ಸಲ ಕಣ್ಣಿನ ಸಾಕ್ಷಿ ಬರೆಯುವ ಶಿವಲೀಲಾಳಿಗೆ ಇಷ್ಟು ವರ್ಷದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ. ತವೆಯ ಮೇಲಿನ ರೊಟ್ಟಿ ಕರಕಾಗಿ ಮಹಾಂತೇಶನೇ ಎದ್ದು ತೆಗೆದ.

ಮರುದಿನ ಅಳತೆ ಮುಗಿಸಿದ ಮೇಲೆ ಅವಳು ಕಪಾಟು ತೆಗೆದು ಹತ್ತೊಂಬತ್ತು ರಿಜಿಸ್ಟರುಗಳನ್ನೂ ಮೇಜಿನ ಮೇಲೆ ಇಳಿಸಿದಳು. ನಾಲ್ಕನೆಯ ಅಂಕಣವನ್ನು ಯಾರೂ ಓದುವುದಿಲ್ಲ. ವರದಿಗೆ ಹೋಗುವುದು ಮೂರನೆಯದು. ಒಂದೊಂದು ವರ್ಷದ ಕೊನೆಯ ಪುಟ ತೆಗೆದು ನೋಡಿದಳು. ಒಂದು ಪಾಯಿಂಟ್ ಒಂದು. ಒಂದು ಪಾಯಿಂಟ್ ಮೂರು. ಒಂದು ಪಾಯಿಂಟ್ ಎರಡು. ಯಾವ ವರ್ಷವೂ ಗಾಬರಿಯಾಗುವಷ್ಟು ಇರಲಿಲ್ಲ.

ಆದರೆ ಪ್ರತಿ ವರ್ಷವೂ ಒಂದೇ ಕಡೆಗೆ. ದೀಪದ ಬೆಳಕು ಕಡಿಮೆ ಎನ್ನುವ ಕಡೆಗೆ. ನಿಜವಾದ ತಪ್ಪು ಆಚೆಗೊಮ್ಮೆ ಈಚೆಗೊಮ್ಮೆ ತೂಗುತ್ತದೆ. ಒಂದೇ ದಾರಿ ಹಿಡಿದು ನಡೆಯುವುದಿಲ್ಲ.

ಆಗ ಅವಳಿಗೆ ಹೊಸ ವರ್ಷದ ಮೊದಲ ದಿನದ ಕೆಲಸ ನೆನಪಾಯಿತು. ಆ ದಿನ ಅವಳ ಕಣ್ಣು ಸಮ ಎಂದ ಜಾಗಕ್ಕೇ ತಿರುಪಿನ ನೂರರ ಗೆರೆಯನ್ನು ಸರಿಸಿಡುವುದು ರೂಢಿ. ಖಾಲಿ ಪಾತ್ರೆ ಇಟ್ಟು ತಕ್ಕಡಿಯ ಮುಳ್ಳನ್ನು ಸೊನ್ನೆಗೆ ತಂದಂತೆ. ಹಳೆಯ ವರ್ಷದ ತಪ್ಪು ಅಲ್ಲಿಗೆ ಅಳಿಸಿಹೋಗಿ, ಹೊಸ ವರ್ಷ ಶುದ್ಧವಾಗಿ ಶುರುವಾಗುತ್ತಿತ್ತು. ನೋಡುವವಳನ್ನು ಮೀಟರಿಗೆ ಹೊಂದಿಸುವ ಕ್ರಮ ಅದು. ಹತ್ತೊಂಬತ್ತು ಸಲ ತಾನೇ ಗೆರೆ ಸರಿಸಿದ್ದಳು, ಶ್ರದ್ಧೆಯಿಂದ, ಕೈ ತೊಳೆದುಕೊಂಡು.

ಹತ್ತೊಂಬತ್ತು ಅಂಕಿಗಳನ್ನು ಕೂಡಿದಳು. ಎರಡನೆಯ ಸಲ ಕೂಡಿದಳು. ನೂರಕ್ಕೆ ಇಪ್ಪತ್ತಮೂರು.

ಮೀಟರು ನೂರು ಎಂದಾಗ ಅವಳ ಕಣ್ಣಿಗೆ ಬೀಳುತ್ತಿದ್ದದ್ದು ಮುಕ್ಕಾಲು ಮೇಲೆ ಚೂರು. ಎಷ್ಟು ಸಲ ಮನೆಯಲ್ಲಿ ಕತ್ತಲೆನಿಸಿ, ನನ್ನದೇ ಭ್ರಮೆ ಎಂದುಕೊಂಡಿದ್ದೆ? ಕಣ್ಣು ದಿನವೂ ನಿಜ ಹೇಳಿತ್ತು. ಅವಳು ದಿನವೂ ಅದನ್ನು ತನ್ನ ಕೈಯಾರೆ ತಪ್ಪು ಎಂಬ ಅಂಕಣಕ್ಕೆ ಹಾಕಿದ್ದಳು. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದವು. ಅವುಗಳ ಹಿಂದೆಯೇ, ತಡವಾಗಿ, ಇನ್ನೊಂದು ಬಂತು. ಅಂಕಿಗಳು ಎಷ್ಟು ನೇರವಾಗಿವೆ! ಹತ್ತೊಂಬತ್ತು ವರ್ಷ ಒಂದೇ ಒಂದು ದಿನ ಕೈ ಅಲುಗಿಲ್ಲ. ಯಾವ ಪರಮಾಣುವಿಗೆ ಕಡಿಮೆ ಇದು?

ಏಳು ಕೋಣೆಗಳ ನಿರ್ದೇಶಕ ಜಹಗೀರದಾರ ಭೂಮಿಯಿಂದ ಬಂದು ಹನ್ನೊಂದು ತಿಂಗಳಾಗಿತ್ತು. ಕೆಟ್ಟ ಮನುಷ್ಯನಲ್ಲ, ಅವಳು ಒಯ್ದ ಲೆಕ್ಕದ ಹಾಳೆ ನೋಡಿ ಗದ್ದ ಕೆರೆದುಕೊಂಡ.

"ಮೇಡಂ, ವಯಸ್ಸಾದ್ರ ಭೂಮಿ ಮ್ಯಾಲೂ ಕಣ್ಣಿನ ಮಸೂರ ಹಳದಿ ಆಗ್ತದ. ಹಳದಿ ಮಸೂರ ನೀಲಿ ಬೆಳಕನ್ನ ಒಳಗ ಬಿಡೂದಿಲ್ಲ. ನಮ್ಮ ದೀಪದಾಗ ನೀಲಿ ಭಾಳ ಅದ, ಗಿಡಗಳಿಗೂ ಅದೇ ಬೇಕು ಅಂತ. ಇದು ವಯಸ್ಸಿಂದಲ್ಲ ಅಂತ ಹೆಂಗ ಹೇಳ್ತೀರಿ?"

"ದೀಪನ ಮಾಡಿದ್ದು ಅಂತ ನನ್ನ ಅನುಮಾನ ಸರ. ಇಷ್ಟು ವರ್ಷ ಅದೇ ನೀಲಿ ತಿಂದು ಮಸೂರ ಚಹಾದ ಬಣ್ಣಕ್ಕ ಬಂದೈತಿ."

"ಅನುಮಾನ ಅಂದ್ರ ಊರ ಸಭಾದವರು ಕೇಳ್ತಾರೇನ್ರಿ? ಒಂದೇ ಒಂದು ಕಣ್ಣಿನ ಲೆಕ್ಕ ಇದು. ಹನ್ನೊಂದು ಮಂದಿ ಹೆಸರು ಶನಿವಾರ ಪಕ್ಕಾ ಆಗ್ತಾವ."

"ಶನಿವಾರದೊಳಗ ಮೂವತ್ತು ಕಣ್ಣಿನ ಲೆಕ್ಕ ಕೊಡ್ತೀನಿ."

ಜಹಗೀರದಾರ ಅವಳನ್ನೇ ನೋಡಿದ. "ಕೊಡ್ರಿ," ಎಂದ.

ಏಳನೆಯ ಕೋಣೆ ಅಷ್ಟು ಜನರನ್ನು ಎಂದೂ ಕಂಡಿರಲಿಲ್ಲ. ಕತ್ತಲಲ್ಲಿ ಕಣ್ಣು ಹದಕ್ಕೆ ಬರಲು ಇಪ್ಪತ್ತು ನಿಮಿಷ ಕೂರಬೇಕಲ್ಲ, ಬೆಂಚಿನ ಮೇಲೆ ಆರಾರು ಜನ ಹೆಂಗಸರು ಒತ್ತಿಕೊಂಡು ಕೂತರು.

"ಏ ಯಾರದು ನನ್ನ ಕಾಲು ತುಳಿದಾಕಿ?"

"ನಾನs ತಂಗಿ. ಕಣ್ಣು ಹೋದಾಕಿ, ಮಾಫ ಮಾಡು."

"ಹಿಂಗ ಕತ್ತಲಾಗ ಕುಂಡ್ರಸಿ ನಮ್ಮ ಗುಟ್ಟು ಕೇಳಾಕತ್ತೀರೇನ ಮೇಡಂ?"

"ಗುಟ್ಟು ಬ್ಯಾಡ, ಸಂಖ್ಯಾ ಬೇಕು," ಎಂದಳು ಶಿವಲೀಲಾ. "ಮಿಣಮಿಣ ಅನ್ನೋದು ನಿಂತ ಕೂಡಲೆ ಗುಂಡಿ ಒತ್ರಿ. ಎಷ್ಟಕ್ಕ ನಿಂತು ಅಂತ ನಿಮಗೂ ತಿಳಿಯಂಗಿಲ್ಲ, ನನಗೂ ತಿಳಿಯಂಗಿಲ್ಲ. ಎಲ್ಲಾರದೂ ಮುಗಿದ ಮ್ಯಾಲ ನೋಡೂದು."

"ಪರೀಕ್ಷಾದಾಗ ಪಾಸಾಗಬೇಕಾ, ನಪಾಸಾಗಬೇಕಾ? ಅಷ್ಟರ ಹೇಳ್ರಿ."

"ಎರಡೂ ಇಲ್ಲ. ಕಂಡಂಗ ಹೇಳ್ರಿ. ಅಷ್ಟs."

ಕಂಡ ಹಾಗೆ ಹೇಳುವುದು ಸುಲಭವಿರಲಿಲ್ಲ. ಮೊದಮೊದಲು ಅವರು ತಿರುಪು ತಿರುಗಿಸಿ, "ಇಲ್ಲೇನ್ರಿ? ಸರಿ ಐತೇನ್ರಿ?" ಎಂದು ಅವಳ ಕಡೆ ಮುಖ ಎತ್ತುತ್ತಿದ್ದರು. ಶಿವಲೀಲಾ ಪ್ರತಿಯೊಬ್ಬಳ ಹೆಗಲ ಮೇಲೆ ಕೈಯಿಟ್ಟು, "ನೀ ನೋಡಿದ್ದs ಸರಿ," ಎಂದಳು. 

ವಯಸ್ಸಿನ ಪ್ರಶ್ನೆಗೆ ಇಬ್ಬರು ಬೇಕಾಗಿದ್ದರು; ಇಬ್ಬರೂ ಸಿಕ್ಕರು. ಹದಿನಾರರ ಹುಡುಗಿಯಾಗಿ ತಾಯಿಯ ಜೊತೆ ಬಂದು ಇಲ್ಲೇ ಹದಿನೆಂಟು ವರ್ಷ ಕಳೆದ ರೇಣವ್ವ, ಈಗ ಮೂವತ್ತನಾಲ್ಕು. ಮತ್ತೆ ದೊಡ್ಡ ಅಡುಗೆಮನೆಗೆ ಮೂರು ತಿಂಗಳ ಹಿಂದೆ ಬಂದ ಬಸಣ್ಣ, ಐವತ್ತೆಂಟು. "ನಾ ಸಾರಿನ ಉಪ್ಪು ನೋಡೋನು, ಬೆಳಕು ನೋಡೋನಲ್ಲ," ಎನ್ನುತ್ತಲೇ ಅವನು ಕೊಳವೆಗೆ ಕಣ್ಣು ಹಚ್ಚಿದ.

ಶುಕ್ರವಾರ ಮಧ್ಯಾಹ್ನ ಮೂವತ್ತೊಂದು ಜನರ ಅಂಕಿಗಳನ್ನು ಒಟ್ಟಿಗೆ ತೆರೆದಳು. ವಯಸ್ಸಿನ ಪ್ರಕಾರ ಜೋಡಿಸಿದರೆ ಚುಕ್ಕಿಗಳು ಚೆಲ್ಲಿದ ಸಾಸಿವೆಯಂತೆ ಚದುರಿದವು. ತಿಂಗಳೂರಿಗೆ ಬಂದು ಎಷ್ಟು ವರ್ಷವಾಯಿತು ಎಂಬುದರ ಪ್ರಕಾರ ಜೋಡಿಸಿದಳು. ಚುಕ್ಕಿಗಳು ನೇರ ಗೆರೆಯಾಗಿ ನಿಂತವು. ಬುಡದಲ್ಲಿ ಬಸಣ್ಣ, ಭೂಮಿಯ ಕಣ್ಣಿಗೆ ಹೆಚ್ಚುಕಡಿಮೆ ಸಮ. ತುದಿಯಲ್ಲಿ ಕಸ್ತೂರಿ, ಅವಳ ಮಗ್ಗುಲಿಗೇ ರೇಣವ್ವ. ಇಬ್ಬರ ನಡುವೆ ಹದಿಮೂರು ವರ್ಷದ ಅಂತರ, ಕಣ್ಣು ಒಂದೇ.

ಶನಿವಾರದ ಸಭೆಯಲ್ಲಿ ಒಂಬತ್ತು ಜನ ಕೂತಿದ್ದರು. ಅವರಲ್ಲಿ ಏಳು ಜನ ಎರಡು ವರ್ಷದೊಳಗೆ ಬಂದವರು. ತಪಾಸಣೆಯ ಮುಖ್ಯಸ್ಥ ಆ ಕಾಗದವನ್ನು ಮುಂದಿಟ್ಟ. "ಮೇಡಂ, ಬೆಳಕು ಸಾಕಷ್ಟಿದೆ ಅಂತ ಪ್ರಮಾಣಪತ್ರ ಕೊಟ್ಟವರು ನೀವೇ. ಈಗ ಮೀಟರ್ ತಪ್ಪು ಅಂತೀರಾ?"

"ಮೀಟರ್ ತಪ್ಪಿಲ್ರಿ," ಎಂದಳು ಶಿವಲೀಲಾ. "ಹಸಿರೂ ತಪ್ಪಿಲ್ಲ. ಕ್ಯಾಂಡೆಲಾ ಎಲ್ಲಿ ಹೋದ್ರೂ ಕ್ಯಾಂಡೆಲಾನ. ಆದ್ರ ಮೀಟರಿನ ಒಳಗ ಒಂದು ಕಣ್ಣು ಐತಿ. ಭೂಮಿ ಮ್ಯಾಲ ಯಾವಾಗೋ ಕೆಲವು ಮಂದೀನ ಕೂಡಿಸಿ, ಅವರ ಕಣ್ಣಿನ ಸರಾಸರಿ ತಗದು ಮಾಡಿದ ಕಣ್ಣು. ಬಿಸಿಲು ಕಂಡ ಕಣ್ಣು. ಅದು ನಿಮ್ಮದು, ಬಸಣ್ಣಂದು. ನಮ್ಮದಲ್ಲ. ಹೊಲಿಗಿ ಸಾಲ್ಯಾಗ ಬೆಳಕು ಸಾಲಂಗಿಲ್ಲ ಅಂತ ಕಸ್ತೂರಿ ಹೇಳಿದ್ದು ದೂರಲ್ರಿ, ಅಳತಿ. ಅದನ್ನ ಅಳತಿ ಅಂತ ತಿಳ್ಕೊಳ್ಳಾಕ ನನಗs ಹತ್ತೊಂಬತ್ತು ವರ್ಷ ಹಿಡೀತು. ನಿಮಗ ಒಂದು ತಾಸು ಸಾಕು, ಈ ಹಾಳಿ ನೋಡ್ರಿ."

ಹಾಳೆ ಕೈಯಿಂದ ಕೈಗೆ ಹೋಯಿತು. ಜಹಗೀರದಾರ ಎದ್ದು ಪಕ್ಕದ ಮೇಜಿನ ಮೇಲೆ ಎರಡು ದೀಪ ಇಡಿಸಿದ. ಒಂದು ಊರಿನದು, ಇನ್ನೊಂದು ಅವಳ ಲೆಕ್ಕದ ಪ್ರಕಾರ ನೀಲಿ ತಗ್ಗಿಸಿ ಹಳದಿ ಕೂಡಿಸಿದ್ದು. ಮೀಟರು ಎರಡಕ್ಕೂ ಒಂದೇ ಅಂಕಿ ತೋರಿಸಿತು. ಕಸ್ತೂರಿಯನ್ನು ಕರೆದರು. ಬಿಳಿ ಕವಚದ ಬಟ್ಟೆ, ಬೂದು ದಾರ.

ಮೊದಲ ದೀಪದಡಿ ಅವಳು ಬಟ್ಟೆಯನ್ನು ಕಣ್ಣಿನ ಹತ್ತಿರಕ್ಕೆ ತಂದು, ಎಳೆ ಎಣಿಸಿ, ನಿಲ್ಲಿಸಿ, ಮತ್ತೆ ಎಣಿಸಿದಳು. ಎರಡನೆಯ ದೀಪದಡಿ ಕೂತವಳು ಒಮ್ಮೆ ಕಣ್ಣು ಪಿಳುಕಿಸಿದಳು. ಆಮೇಲೆ ಅವಳ ಸೂಜಿ ಎಲ್ಲೂ ನಿಲ್ಲದೆ ಓಡಿತು. ಗೇಣುದ್ದ ಹೊಲಿದು ಬಟ್ಟೆಯನ್ನು ತಪಾಸಣೆಯವನ ಮುಂದೆ ಹಾಕಿದಳು.

"ಒಳಮೈ ಯಾವುದು, ಹೊರಮೈ ಯಾವುದು ಹೇಳ್ರಿ ಸಾಹೇಬ್ರ. ನಿಮ್ಮ ಕಣ್ಣು ಚಲೋ ಅದಾವಲ್ಲ."

ಅವನು ಬಟ್ಟೆಯನ್ನು ಆಚೆ ಈಚೆ ತಿರುಗಿಸಿದ. ಹೇಳಲಾಗಲಿಲ್ಲ. ಮೊದಲು ನಕ್ಕವನು ಜಹಗೀರದಾರ. ಆಮೇಲೆ ತಪಾಸಣೆಯವನೂ ನಕ್ಕ. ಹನ್ನೊಂದು ಹೆಸರುಗಳ ಪಟ್ಟಿಯನ್ನು ಅಧ್ಯಕ್ಷರು ಮಡಚಿ ತಮ್ಮ ಕಿಸೆಗೆ ಹಾಕಿಕೊಂಡರು.

ಎರಡು ತಿಂಗಳಲ್ಲಿ ಹೊಲಿಗೆ ಸಾಲೆಯ ದೀಪಗಳು ಬದಲಾದವು, ಆಮೇಲೆ ಮನೆಗಳವು. ಹಡಗು ಬಂತು, ಹೋಯಿತು. ಹನ್ನೊಂದು ಜನರೂ ಇಲ್ಲೇ ಉಳಿದರು. ಭೂಮಿಯ ಮಾನಗಳ ಸಮಿತಿಯಿಂದ ದೀರ್ಘ ಪತ್ರ ಬಂತು. ಕ್ಯಾಂಡೆಲಾ ಬದಲಾಗುವುದಿಲ್ಲ, ಆದರೆ ಇನ್ನು ಮುಂದೆ ಚಂದ್ರನ ಮೇಲಿನ ದೀಪಗಳಿಗೆ ಪ್ರಮಾಣಪತ್ರ ಕೊಡುವಾಗ ಅಲ್ಲಿನ ನಿವಾಸಿಗಳ ಕಣ್ಣಿನ ಕೋಷ್ಟಕವನ್ನು ಬಳಸತಕ್ಕದ್ದು. ಕೋಷ್ಟಕದ ಹೆಸರು ತಿಂಗಳೂರು ಕಣ್ಣು. ಸೆಕೆಂಡಿನ ಕೋಣೆಯವರು ಬೆಲ್ಲ ಶೇಂಗಾ ಹಂಚಿದರು. "ಪರಮಾಣು ಎಲ್ಲಾ ಕಡೆ ಒಂದs ಥರ ಇರ್ತದ್ರಿ," ಎಂದು ಅವರಲ್ಲೊಬ್ಬ ಒಪ್ಪಿಕೊಂಡ, "ಊರಿಗೊಂದು ಹೆಸರು ತಂದದ್ದು ನಿಮ್ಮ ಏಳನೇ ಕ್ವಾಣಿನ."

ಅದೇ ವಾರ ಆಸ್ಪತ್ರೆಯ ಡಾಕ್ಟರ್ ಪ್ರೆಸಿಲ್ಲಾ ಮನೆಗೇ ಬಂದರು. ಹಳದಿಯಾದ ಮಸೂರ ತೆಗೆದು ಸ್ವಚ್ಛವಾದ ಕೃತಕ ಮಸೂರ ಕೂರಿಸುವ ಸಾಮಾನು ಬಂದಿದೆ. ಇಲ್ಲಿಗೆ ಬಂದು ಹದಿನೈದು ವರ್ಷ ದಾಟಿದವರಿಗೆಲ್ಲ ಸರದಿಯ ಮೇಲೆ. ಮೊದಲ ಹೆಸರು ಶಿವಲೀಲಾಳದು, ಗುರುವಾರ ಬೆಳಿಗ್ಗೆ.

"ಎರಡೂ ಕಣ್ಣು ಒಂದೇ ದಿನ ಮುಗಿಸುವ," ಎಂದರು ಡಾಕ್ಟರು, ನಮೂನೆಯ ಹಾಳೆ ಕೊಡುತ್ತ. "ಇಪ್ಪತ್ತು ವರ್ಷದ ಹುಡುಗಿಯ ಹಾಗೆ ಕಾಣ್ತದೆ ನಿಮಗೆ ಮತ್ತೆ. ಯಾವ ಕಣ್ಣು ಅಂತ ಗುರುತು ಮಾಡಿ, ಸಹಿ ಹಾಕಿ ತನ್ನಿ."

"ಇಪ್ಪತ್ತರ ಕಣ್ಣಿಲೆ ನನ್ನ ಮಾರಿ ನೋಡಿದ್ರ ಗಾಬರಿ ಆದಾಳು," ಎಂದ ಮಹಾಂತೇಶ.

"ನಿಮ್ಮ ಜ್ವಾಳದಾಗಿನ ಹರಳು ಮೊದಲ ಕಾಣ್ತಾವ," ಎಂದಳು ಶಿವಲೀಲಾ. ಕಸ್ತೂರಿ ಬಿದ್ದು ಬಿದ್ದು ನಕ್ಕಳು. ಅವಳ ಸರದಿ ಮುಂದಿನ ವಾರ. ಅವಳಿಗಾಗಲೇ ಬಟ್ಟೆಯ ಎಳೆಗಳೆಲ್ಲ ಹಗ್ಗದಷ್ಟು ದಪ್ಪ ಕಾಣುತ್ತಿದ್ದವು.

ಡಾಕ್ಟರು ಹೋದ ಮೇಲೆ ಶಿವಲೀಲಾ ಹಾಳೆ ಹಿಡಿದು ಊಟದ ಮೇಜಿನ ತುದಿಗೆ ಕೂತಳು. ಒಳಗೆ ಅಣ್ಣ ತಂಗಿ ಚಟ್ನಿಪುಡಿಯ ಖಾರದ ಬಗ್ಗೆ ಜಗಳವಾಡುತ್ತಿದ್ದರು. ಒಂದೊಂದಾಗಿ ಎಲ್ಲರ ಕಣ್ಣೂ ಹೊಸದಾಗುತ್ತವೆ. ಆಗಲಿ, ಆಗಬೇಕಾದದ್ದೇ. ಆದರೆ ಆಮೇಲೆ ಈ ಊರು ಇಷ್ಟು ವರ್ಷ ಹೇಗೆ ಕಾಣುತ್ತಿತ್ತೆಂದು ಹೇಳಲು ಊರಿನಲ್ಲಿ ಒಂದು ಕಣ್ಣೂ ಉಳಿದಿರುವುದಿಲ್ಲ. ಕೋಷ್ಟಕ ಉಳಿದೀತು. ಕೋಷ್ಟಕಕ್ಕೆ ಏನು ಕಾಣುತ್ತದೆ?

ಒಂದು ಅಳತೆ ಸರಿಯೇ ಎಂದು ತಿಳಿಯಬೇಕಾದರೆ ಇನ್ನೊಂದರ ಪಕ್ಕದಲ್ಲಿಟ್ಟು ನೋಡಬೇಕು. ಇಷ್ಟು ದಿನ ಅವಳ ಕಣ್ಣಿನ ಪಕ್ಕದಲ್ಲಿ ಇದ್ದದ್ದು ಯಂತ್ರ ಮಾತ್ರ. ಭೂಮಿಯ ಕಣ್ಣೊಂದು, ತಿಂಗಳೂರಿನ ಕಣ್ಣೊಂದು, ಎರಡೂ ಒಂದೇ ತಲೆಯಲ್ಲಿ, ಒಂದೇ ದೀಪದ ಮುಂದೆ ಎಂದೂ ಕೂತಿರಲಿಲ್ಲ. ಯಾರ ತಲೆಯಲ್ಲೂ ಕೂತಿರಲಿಲ್ಲ.

ಅವಳು ಎಡಗೈಯಿಂದ ಎಡಗಣ್ಣು ಮುಚ್ಚಿ ಹಾಳೆ ನೋಡಿದಳು. ಆಮೇಲೆ ಬಲಗಣ್ಣು ಮುಚ್ಚಿ ನೋಡಿದಳು. ಈಗ ಎರಡಕ್ಕೂ ಒಂದೇ ಥರ ಕಾಣುತ್ತಿತ್ತು.

"ವೈನಿ, ಏನ ಓದಾಕತ್ತಿ ಅಷ್ಟೊತ್ತು? ರೊಟ್ಟಿ ಆರಾಕತ್ತಾವ," ಎಂದು ಕಸ್ತೂರಿ ಒಳಗಿನಿಂದ ಕೂಗಿದಳು.

"ಏನಿಲ್ಲ, ಬಂದೆ," ಎಂದು ಶಿವಲೀಲಾ ಬಲಗಣ್ಣಿನ ಎದುರು ಮಾತ್ರ ಗುರುತು ಹಾಕಿದಳು. ಎಡಗಣ್ಣಿನ ಮನೆಯನ್ನು ಖಾಲಿ ಬಿಟ್ಟು, ಕೆಳಗೆ ಸಹಿ ಮಾಡಿ, ಹಾಳೆಯನ್ನು ನಾಲ್ಕಾಗಿ ಮಡಚಿ ಸೀರೆಯ ನಡುವಿಗೆ ಸಿಕ್ಕಿಸಿಕೊಂಡು ಊಟಕ್ಕೆ ಎದ್ದಳು.